ಎಂಒ-4 ಮತ್ತು ಪಂಚಮುಖಿ: ನೆರೆ ಬಂದ ವರ್ಷ ಎರಡು ಬೀಜಗಳ ಕತೆ

ನೀಲಾವರದ ಹತ್ತಿರ, ಸೀತಾನದಿ ಬದಿಯಲ್ಲಿ ನಮ್ಮ ಗದ್ದೆ. ಈ ಸಲದ ಕಾರ್ತಿ ಬೆಳೆಗೆ, ಅಂದರೆ ಮಳೆಗಾಲದ ಬೆಳೆಗೆ, ಎರಡು ತಳಿಯ ಭತ್ತದ ಬೀಜ ಹಾಕಿದೆ. ಒಂದು ನಮಗೆಲ್ಲ ಗೊತ್ತಿರುವ ಎಂಒ-4. ಕೇರಳದ ಕುಟ್ಟನಾಡಿನ ಮೊಂಕೊಂಬು ಕೇಂದ್ರದ ತಳಿ ಇದು, ಅಲ್ಲಿ ಇದಕ್ಕೆ ಭದ್ರ ಅಂತ ಹೆಸರು. ಇನ್ನೊಂದು ನಮ್ಮ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿ. ಎರಡೂ ಕೆಂಪಕ್ಕಿ. ಎರಡೂ ಕೊಯ್ಲಿಗೆ ಬರಲು ಹತ್ತಿರ ಹತ್ತಿರ 130-135 ದಿನ ಬೇಕು. ಯಾವುದು ಒಳ್ಳೇದು ಅಂತ ಕೇಳುವವರು ಮೊದಲು ಗದ್ದೆ ಬೈಲೋ (ತಗ್ಗಿನದು), ಮಜಲೋ (ನಡುಮಟ್ಟದ್ದು), ಬೆಟ್ಟೋ (ಎತ್ತರದ್ದು) ಹೇಳಬೇಕು. ಅದನ್ನು ಬಿಟ್ಟು ಬೀಜಕ್ಕೆ ಮಾರ್ಕು ಕೊಡುವುದು ಸುಮ್ನೆ ಮಾತು.

ಹೋಲಿಸುವುದಾದರೆ ನ್ಯಾಯವಾಗಿ ಹೋಲಿಸಬೇಕಲ್ವಾ? ಹೊಸ ಬೀಜಕ್ಕೆ ಒಳ್ಳೆ ಗದ್ದೆ ಕೊಟ್ಟು, ಹಳೇದನ್ನು ಮೂಲೆಗೆ ಹಾಕಿ, ಆಮೇಲೆ ಹೊಸದು ಗೆದ್ದಿತು ಅನ್ನುವವರು ನಮ್ಮೂರಲ್ಲೂ ಇದ್ದಾರೆ. ನಾನು ಬೈಲಿನಲ್ಲೂ ಮಜಲಿನಲ್ಲೂ ಎರಡನ್ನೂ ಅಕ್ಕಪಕ್ಕ ಹಾಕಿದೆ. ಚಾಪೆ ನೇಜಿ (ಮೆಷಿನ್ ನಾಟಿಗೆ ಚಾಪೆಯ ಹಾಗೆ ಬೆಳೆಸುವ ಸಸಿ) ಒಂದೇ ದಿನ, ನಾಟಿ ಒಂದೇ ಮೆಷಿನ್ನಿನಲ್ಲಿ, ಗೊಬ್ಬರವೂ ಒಂದೇ ಅಳತೆ.

ನೇಜಿಗೆ ಮೊದಲು ಒದ್ದೆ ಗೋಣಿಯಲ್ಲಿ ನೂರು ಕಾಳು ಇಟ್ಟು ನೋಡಿದೆ. ಪ್ರಮಾಣಿತ ಬೀಜದಲ್ಲಿ ಕಡಿಮೆ ಅಂದರೂ 80 ಕಾಳು ಮೊಳೆಯಬೇಕು. ಆ ಲೆಕ್ಕದಲ್ಲಿ ಎರಡೂ ಪಾಸು. ಆದರೆ ಒಂದು ಅಂಗಡಿಯಿಂದ ತಂದ ಎಂಒ-4 ಚೀಲದಲ್ಲಿ ಬೇರೆ ಭತ್ತ ಸೇರಿತ್ತು. ತೆನೆ ಬಂದಾಗ ಗೊತ್ತಾಯಿತು: ನಡುನಡುವೆ ಉಳಿದವಕ್ಕಿಂತ ಒಂದು ಮೊಳ ಎತ್ತರದ ಗಿಡ, ಕಾಳಿಗೆ ಉದ್ದ ಮೀಸೆ. ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಚೀಟಿಯೇನೋ ಇತ್ತು. ಅಂಗಡಿಯವರನ್ನು ಕೇಳಿದರೆ, 'ಸ್ವಲ್ಪ ಹಾಗೆ ಬರ್ತದೆ' ಅಂತ ಉತ್ತರ.

ಈಗ ಮುಖ್ಯ ವಿಷಯ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ನದಿ ಉಕ್ಕಿತು. ನಾಟಿ ಆಗಷ್ಟೇ ಬೇರು ಹಿಡಿದಿತ್ತು. ಬೈಲು ಪೂರ್ತಿ ಮುಳುಗಿ, ಒಂದು ವಾರದ ಹತ್ತಿರ ಕೆಂಪು ನೀರು ನಿಂತಿತು. ಇಳಿದಾಗ ಎಲೆಯ ಮೇಲೆಲ್ಲ ಕೆಸರಿನ ಪದರ. ಎರಡೂ ಒಂದೇ ತರ ಸತ್ತ ಹಾಗೆ ಕಾಣುತ್ತಿತ್ತು. ಬಗ್ಗಿ, ಗಿಡದ ನಡುವಿನ ಸುಳಿಯನ್ನು ಬೆರಳಲ್ಲಿ ಮೆಲ್ಲ ಎಳೆದು ನೋಡಿದೆ. ಎಂಒ-4ರಲ್ಲಿ ಜಾಸ್ತಿ ಗಿಡಗಳ ಸುಳಿ ಲೋಳೆಯಾಗಿ ಕೈಗೇ ಬಂತು, ಕೊಳೆತ ವಾಸನೆ. ಪಂಚಮುಖಿಯ ಹೊರ ಎಲೆ ಹಳದಿಯಾಗಿದ್ದರೂ ಸುಳಿ ಗಟ್ಟಿ. ಸ್ವಲ್ಪ ದಿನದಲ್ಲಿ ಅದರ ಒಳಗಿಂದ ಹಸಿರು ಎದ್ದಿತು. ಎಂಟ್ಹತ್ತು ದಿನ ನೆರೆ ತಡೆಯುವ ತಳಿ ಅಂತ ಕೇಂದ್ರದವರು ಹೇಳುವುದನ್ನು ಕೇಳಿದ್ದೆ. ನಮ್ಮ ಬೈಲಿನಲ್ಲಿ ಅದು ನಿಜವಾಯಿತು. ಎಂಒ-4 ಹಾಕಿದ ಕಡೆ ಉಳಿದ ನೇಜಿ ತಂದು ತೇಪೆ ಹಾಕಬೇಕಾಯಿತು. ಕೂಲಿ ಖರ್ಚು ಬೇರೆ.

ಮಜಲಿನ ಕತೆ ಬೇರೆ. ಅಲ್ಲಿ ನೀರು ನಿಲ್ಲಲಿಲ್ಲ, ಎಂಒ-4 ಯಾವತ್ತಿನ ಹಾಗೆ ಬಂತು. ಪಂಚಮುಖಿಯೂ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೋಸ್ಕರ ಹಳೇ ಬೀಜ ಬಿಡುವಷ್ಟು ವ್ಯತ್ಯಾಸ ಕಾಣಲಿಲ್ಲ.

ತೂಕಕ್ಕೆ ಸರ್ಕಾರದ ಬೆಳೆ ಕಟಾವು ಪ್ರಯೋಗದ ಕ್ರಮ ಹಿಡಿದೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಕಟ್ಟಿ ಅಷ್ಟನ್ನೇ ಕೊಯ್ದು, ಬಡಿದು, ತೂಗುವುದು. ಎಕರೆಗೆ ಲೆಕ್ಕ ಬೇಕಾದರೆ ಸುಮಾರು 162ರಿಂದ ಗುಣಿಸಿ. ಎರಡನ್ನೂ ಒಂದೇ ಹದಕ್ಕೆ ಒಣಗಿಸಿ ತೂಗಬೇಕು. ಒದ್ದೆ ಭತ್ತ ಯಾವಾಗಲೂ ಗೆಲ್ಲುತ್ತದೆ!

ಊಟಕ್ಕೆ? ಮಿಲ್ಲಿನಲ್ಲಿ ಚಿಕ್ಕ ರಾಶಿ ಬೇರೆ ಮಾಡಿ ಬೇಯಿಸಿ ಕೊಡುವುದಿಲ್ಲ. ಮನೆಯ ಹಂಡೆಯಲ್ಲೇ ಕಾಳು ಬಾಯಿ ಬಿಡುವವರೆಗೆ ಬೇಯಿಸಿ, ಅಂಗಳದಲ್ಲಿ ಒಣಗಿಸಿ ಕುಚ್ಚಲಕ್ಕಿ ಮಾಡಿಸಿದೆವು. ಎಂಒ-4ರ ಗಂಜಿ ತಿಳಿ ದಪ್ಪ, ನನ್ನ ನಾಲಿಗೆಗೆ ಅದೇ ಇಷ್ಟ. ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಮಾರುವಾಗ ಈ ಜಗಳ ಇಲ್ಲ: ಎರಡಕ್ಕೂ ಒಂದೇ ರೇಟು ಸಿಕ್ಕಿತು.

ಎರಡೂ ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು. ತೆನೆ ಬರುವಾಗ ಬೆರಕೆ ಗಿಡ ಕಿತ್ತು ಹಾಕಿದರೆ ಸಾಕು. ಬೈಲಿನ ನಡುವಿನ ಗದ್ದೆಯಿಂದ ಪಂಚಮುಖಿ ಬೀಜ ಎತ್ತಿಟ್ಟಿದ್ದೇನೆ. ಹತ್ತಿರದವರು ಕೇಳಿದರೆ ಸ್ವಲ್ಪ ಕೊಡಬಹುದು. ಬೆಟ್ಟು ಗದ್ದೆಗೆ ಅಂತ ಕೇಳಿದರೆ ಮಾತ್ರ ಕೊಡುವುದಿಲ್ಲ.