ದನದ ತೂಕದ ಟೇಪ್: ಕೊಳ್ಳಿ, ಆದರೆ ಸೆಂಟಿಮೀಟರ್ ಬದಿಯನ್ನೇ ನಂಬಿ

ದನದ ಎದೆ ಸುತ್ತ ಹಿಡಿದು ತೂಕ ಅಂದಾಜು ಮಾಡುವ ಟೇಪ್ ಇದು, ಪಶು ಔಷಧಿ ಅಂಗಡಿಯಲ್ಲಿ 180 ರೂಪಾಯಿಗೆ ಸಿಕ್ಕಿತು. ಒಂದು ಬದಿ ಸೆಂಟಿಮೀಟರ್, ಇನ್ನೊಂದು ಬದಿ ನೇರವಾಗಿ ಕೆಜಿ. ನೀರು ಬಿದ್ದರೂ ಸಗಣಿ ಮೆತ್ತಿದರೂ ಅಂಕಿ ಅಳಿಸಿಲ್ಲ, ಜಗ್ಗಿಯೂ ಇಲ್ಲ.

ನಾನು ಇದನ್ನು ತಂದಿದ್ದು ಜಂತುಹುಳದ ಔಷಧಿಗೋಸ್ಕರ. ಫೆನ್‌ಬೆಂಡಜೋಲ್ ದನಕ್ಕೆ ಕೆಜಿಗೆ 5 ಮಿಲಿಗ್ರಾಂ ಬೇಕು. ಅಂದರೆ 1.5 ಗ್ರಾಂ ಮಾತ್ರೆ 300 ಕೆಜಿಗೆ ಮಾತ್ರ ಸರಿ. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಗಟ್ಟಿ ಹುಳ ಉಳಿದುಕೊಳ್ಳುತ್ತದೆ, ಆಮೇಲೆ ಆ ಔಷಧಿಗೇ ಬಗ್ಗುವುದಿಲ್ಲ.

ನಮ್ಮ ಜರ್ಸಿ ಕ್ರಾಸ್ ಹಸುವನ್ನು ಬೆಳಿಗ್ಗೆ ಮೇವು, ನೀರು ಕೊಡುವ ಮೊದಲು ಸಮ ನೆಲದಲ್ಲಿ ನಿಲ್ಲಿಸಿದೆವು. ಮುಂಗಾಲಿನ ಹಿಂದೆಯೇ ಎದೆ ಸುತ್ತಳತೆ 163 ಸೆಂ.ಮೀ. ಕೆಜಿ ಬದಿ 362 ತೋರಿಸಿತು. ಆಮೇಲೆ ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಹಿಡಿದೆವು, 142. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10840ರಿಂದ ಭಾಗಿಸಿದರೆ 348 ಕೆಜಿ. ಅದೇ ದಿನ ವೇ ಬ್ರಿಡ್ಜ್‌ನಲ್ಲಿ ಗಾಡಿ ಸಮೇತ ತೂಗಿ, ಖಾಲಿ ಗಾಡಿಯ ತೂಕ ಕಳೆದಾಗ 350 ಬಂತು. ಅಲ್ಲಿನ ತೂಕ 10 ಕೆಜಿ ಲೆಕ್ಕದಲ್ಲೇ ಏರುತ್ತದೆ, ಹಾಗಾಗಿ ಇದಕ್ಕಿಂತ ಹತ್ತಿರ ಬೇಕಿಲ್ಲ ಅಲ್ವಾ!

ನನಗೆ ಬೇಜಾರಾಗಿದ್ದು ಜೊತೆಗಿದ್ದ ಚೀಟಿ ನೋಡಿ. ಅದರಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಹಸುವಿನ ಚಿತ್ರ ಬಿಟ್ಟರೆ ಬೇರೆ ತಳಿಯ ಮಾತೇ ಇಲ್ಲ. ಹಳ್ಳಿಕಾರ್ ಎತ್ತಿನ ಮೈಕಟ್ಟೇ ಬೇರೆ: ಉದ್ದ ಮೈ, ಬಿಗಿ ಹೊಟ್ಟೆ, ಮೇಲೆ ಹಿಣಿಲು (ಡುಬ್ಬ). ಟೇಪ್ ಹಿಣಿಲಿನ ಮೇಲೆ ಹಾದರೆ ಸುತ್ತಳತೆ ಸುಮ್ನೆ ಜಾಸ್ತಿಯಾಗುತ್ತದೆ, ಅದರ ಹಿಂದೆಯೇ ಇಳಿಸಬೇಕು. ಸುತ್ತಳತೆಯನ್ನು ಎರಡು ಸಲ ಗುಣಿಸುವುದರಿಂದ ಅಲ್ಲಿ 5 ಸೆಂ.ಮೀ. ತಪ್ಪಿದರೂ ತೂಕದಲ್ಲಿ ಇಪ್ಪತ್ತು ಕೆಜಿ ಆಚೀಚೆ ಆಗಿಬಿಡುತ್ತದೆ. ನಾಟಿ ದನಕ್ಕೆ ಕೆಜಿ ಬದಿ ನೋಡಲೇಬೇಡಿ, ಎರಡೂ ಅಳತೆ ಹಿಡಿದು ಲೆಕ್ಕ ಹಾಕಿ. ತುಂಬು ಗಬ್ಬದ ಹಸುವಿಗೆ ಯಾವ ಲೆಕ್ಕವೂ ಸರಿಯಾಗಿ ಕೂರುವುದಿಲ್ಲ, ಡಾಕ್ಟರನ್ನು ಕೇಳಿಯೇ ಔಷಧಿ ಕೊಡಿ.

ಹಿಡಿಯುವಾಗ ಟೇಪ್ ಚರ್ಮಕ್ಕೆ ತಾಗಬೇಕು, ಮಾಂಸ ಅದುಮಬಾರದು. ತಲೆ ನೇರಕ್ಕಿರಲಿ. ಒಬ್ಬರು ಹಗ್ಗ ಹಿಡಿದು ಗಂಗೆದೊಗಲು (ಕುತ್ತಿಗೆ ಕೆಳಗೆ ಜೋತಾಡುವ ಚರ್ಮ) ಸವರುತ್ತಿದ್ದರೆ ಹಸು ಅಲ್ಲಾಡುವುದಿಲ್ಲ.

ಕುರಿ ಸಾಕುವವರು ಇದಕ್ಕೆ ದುಡ್ಡು ಹಾಕಬೇಡಿ. ಉಣ್ಣೆ ಮೇಲೆ ಅಳತೆ ನಿಲ್ಲುವುದಿಲ್ಲ. ಮೂವತ್ತು ಕೆಜಿಯ ಕುರಿಯನ್ನು ನೇತುಹಾಕುವ ತಕ್ಕಡಿಯಲ್ಲೇ ತೂಗಬಹುದು.