ವಿಮಾನ ಬದಲಿಸುವ ನಡುವಿನ ಬಿಡುವು: ಉಚಿತ ಬಸ್ಸು, ರೈಲು, ಟ್ಯಾಕ್ಸಿ ಮೂರನ್ನೂ ಬಳಸಿ ನೋಡಿದ ಮೇಲೆ

ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತುವ ನಡುವೆ ಆರರಿಂದ ಹನ್ನೊಂದು ಗಂಟೆಗಳವರೆಗಿನ ಬಿಡುವು ನನಗೆ ಇದುವರೆಗೆ ಆರು ಬಾರಿ ಸಿಕ್ಕಿದೆ. ಆರೂ ಬಾರಿ ಗೇಟಿನ ಮುಂದೆ ಕುಳಿತು ಕಾಯದೆ ಊರಿನೊಳಗೆ ಹೋಗಿಬಂದಿದ್ದೇನೆ. ಸಿಂಗಪುರದಲ್ಲಿ ಒಮ್ಮೆ ವಿಮಾನ ನಿಲ್ದಾಣವೇ ನಡೆಸುವ ಉಚಿತ ಬಸ್ ಪ್ರವಾಸಕ್ಕೆ ಸೇರಿದೆ, ಇನ್ನೊಮ್ಮೆ ಸ್ವಂತವಾಗಿ ಮೆಟ್ರೊ ಹಿಡಿದೆ. ಇಸ್ತಾಂಬುಲ್‌ನಲ್ಲಿ ವಿಮಾನಯಾನ ಸಂಸ್ಥೆಯವರು ಕರೆದೊಯ್ದರು. ದೋಹಾದಲ್ಲಿ ಮೆಟ್ರೊ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೈಲು, ಮತ್ತೊಂದು ಊರಿನಲ್ಲಿ ಬಾಡಿಗೆ ಟ್ಯಾಕ್ಸಿ ಬಳಸಿದೆ. ಇವುಗಳನ್ನು ಹೋಲಿಸುವಾಗ ನಾನು ಎರಡೇ ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ವಾಹನದಿಂದ ಇಳಿದು ಆ ಊರಿನಲ್ಲಿ ಎಷ್ಟು ಹೊತ್ತು ಇದ್ದೆ ಎಂಬುದು ಮೊದಲನೆಯದು. ಮರಳಿ ಬರುವ ಹೊತ್ತನ್ನು ಎಷ್ಟು ಖಚಿತವಾಗಿ ಹೇಳಬಹುದಾಗಿತ್ತು ಎಂಬುದು ಎರಡನೆಯದು. ನೋಡಿದ ಸ್ಥಳಗಳ ಎಣಿಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಏಕೆಂದರೆ ಕಿಟಕಿಯಾಚೆ ಸರಿದುಹೋದ ಕಟ್ಟಡವನ್ನು ನೋಡಿದೆ ಎಂದು ಹೇಳಿಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಟಿಕೆಟ್ಟಿನಲ್ಲಿ ಕಾಣುವ ಒಂಬತ್ತು ಗಂಟೆ ನಿಜವಾಗಿ ಒಂಬತ್ತು ಗಂಟೆಯಲ್ಲ. ವಿಮಾನ ನೆಲ ಮುಟ್ಟಿದ ಮೇಲೆ ಬಾಗಿಲು ತೆರೆದು, ಉದ್ದನೆಯ ಹಾದಿಗಳನ್ನು ನಡೆದು, ಇಮಿಗ್ರೇಶನ್ ಸಾಲು ದಾಟಿ ಹೊರಬರುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಮುಂದಿನ ವಿಮಾನ ಹೊರಡುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ನಾನು ಎರಡೂವರೆ ಎಂದೇ ಹಿಡಿಯುತ್ತೇನೆ. ಇದಕ್ಕೆ ಹೋಗಿಬರುವ ದಾರಿಯ ಹೊತ್ತನ್ನೂ ಸೇರಿಸಿ ಕಳೆದರೆ ಒಂಬತ್ತರಲ್ಲಿ ನಾಲ್ಕು ಗಂಟೆ ಉಳಿದರೆ ಹೆಚ್ಚು, ಆರರಲ್ಲಿ ಒಂದೂವರೆ ಉಳಿದರೂ ಭಾಗ್ಯ. ಹೀಗಾಗಿ ಯಾವ ದಾರಿ ಮೇಲು ಎನ್ನುವುದು ಬಿಡುವಿನ ಒಟ್ಟು ಉದ್ದಕ್ಕಿಂತ ಹೆಚ್ಚಾಗಿ ಮರಳುವ ದಾರಿಯನ್ನು ಎಷ್ಟು ನಂಬಬಹುದು ಎಂಬುದರ ಮೇಲೆ ನಿಂತಿದೆ.

ಒಂದೇ ನಿಲ್ದಾಣದಲ್ಲಿ ಎರಡು ಬಗೆಯನ್ನೂ ಪರೀಕ್ಷಿಸಲು ಸಾಧ್ಯವಾದದ್ದು ಸಿಂಗಪುರದಲ್ಲಿ ಮಾತ್ರ. ಅಲ್ಲಿನ ಚಾಂಗಿ ವಿಮಾನ ನಿಲ್ದಾಣವು ಐದೂವರೆ ಗಂಟೆಗಿಂತ ಹೆಚ್ಚು, 24 ಗಂಟೆಗಿಂತ ಕಡಿಮೆ ಬಿಡುವಿರುವ ಪ್ರಯಾಣಿಕರನ್ನು ಎರಡೂವರೆ ಗಂಟೆಗಳ ಉಚಿತ ಪ್ರವಾಸಕ್ಕೆ ಕರೆದೊಯ್ಯುತ್ತದೆ. ದೇಶದೊಳಗೆ ಕಾಲಿಡಲು ವೀಸಾ ಬೇಕಾದವರ ಬಳಿ ಅದು ಇರಲೇಬೇಕು, ವಿಮಾನಗಳು ತಲುಪುವ ಮತ್ತು ಹೊರಡುವ ಹೊತ್ತು ಬಸ್ಸಿನ ವೇಳೆಗೆ ಹೊಂದಬೇಕು. ಇವೆರಡನ್ನು ಬಿಟ್ಟರೆ ಪ್ರಯಾಣಿಕನು ತಲೆಕೆಡಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಏಳು ಗಂಟೆಗಳ ಬಿಡುವಿನಲ್ಲಿ ನಾನು ಸೇರಿದ ತಂಡ ನದಿಯು ಕೊಲ್ಲಿಯನ್ನು ಸೇರುವ ಕಡೆಗೆ ಹೋಯಿತು. ಸಿಂಹದ ತಲೆ, ಮೀನಿನ ಮೈಯುಳ್ಳ ಮರ್‌ಲಯನ್ ಪ್ರತಿಮೆಯ ಮುಂದೆ ಮಾರ್ಗದರ್ಶಿ ಹೇಳಿದ ಒಂದು ಸಂಗತಿ ಇನ್ನೂ ನೆನಪಿದೆ: 1972ರಲ್ಲಿ ನಿಲ್ಲಿಸಿದ ಈ 8.6 ಮೀಟರ್ ಎತ್ತರದ ಪ್ರತಿಮೆಗೆ 1997ರಲ್ಲಿ ಬಂದ ಸೇತುವೆ ಅಡ್ಡವಾಯಿತು, ಕೊಲ್ಲಿಯ ಕಡೆಯಿಂದ ಅದು ಕಾಣದಂತಾಯಿತು, ಆದ್ದರಿಂದ 2002ರಲ್ಲಿ ಇಡೀ ಪ್ರತಿಮೆಯನ್ನು ಈಗಿನ ಜಾಗಕ್ಕೆ ಸರಿಸಿದರು. ಒಬ್ಬನೇ ಹೋಗಿದ್ದರೆ ಒಂದು ಚಿತ್ರ ತೆಗೆದುಕೊಂಡು ಮುಂದೆ ನಡೆದುಬಿಡುತ್ತಿದ್ದೆ. ಮಾರ್ಗದರ್ಶಿಯ ಜೊತೆಗಿರುವ ಪ್ರವಾಸದ ನಿಜವಾದ ಲಾಭ ಇಂಥ ಮಾತುಗಳಲ್ಲಿದೆ. ಆದರೆ ಎರಡೂವರೆ ಗಂಟೆಯಲ್ಲಿ ಬಸ್ಸಿನಿಂದ ಇಳಿದು ನಡೆದದ್ದು ಸುಮಾರು ಒಂದು ಗಂಟೆ. ಪ್ರವಾಸದ ಸ್ವರೂಪವೇ ಅಂಥದ್ದು. ಊರಿನ ಒಟ್ಟು ಚಿತ್ರ ಕೊಡುವುದು ಅದರ ಉದ್ದೇಶ, ಅದನ್ನು ಅದು ಚೆನ್ನಾಗಿಯೇ ನೆರವೇರಿಸುತ್ತದೆ.

ಎರಡನೆಯ ಬಾರಿ ಒಂಬತ್ತು ಗಂಟೆಗಳಿದ್ದವು, ಒಂದೇ ಜಾಗಕ್ಕೆ ಹೋಗುವುದೆಂದು ನಿರ್ಧರಿಸಿಕೊಂಡಿದ್ದೆ. ನಿಲ್ದಾಣದಿಂದ ಮೆಟ್ರೊ ಹಿಡಿದು, ಒಂದೇ ನಿಲುಗಡೆಯ ಆಚೆ ಎಕ್ಸ್‌ಪೋದಲ್ಲಿ ಇಳಿದು ಡೌನ್‌ಟೌನ್ ಮಾರ್ಗದ ಗಾಡಿಗೆ ಬದಲಿಸಿದರೆ, ಅದು ನೇರವಾಗಿ ಸಸ್ಯೋದ್ಯಾನದ ಬಾಗಿಲಿಗೇ ಕರೆದೊಯ್ಯುತ್ತದೆ. 1859ರಲ್ಲಿ ಆರಂಭವಾದ ಆ ಉದ್ಯಾನ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಬೆಳಗ್ಗೆ ಐದರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ಆರ್ಕಿಡ್ ತೋಟವೊಂದನ್ನು ಬಿಟ್ಟರೆ ಪ್ರವೇಶ ಶುಲ್ಕವಿಲ್ಲ. ವಿಮಾನದಲ್ಲಿ ರಾತ್ರಿಯಿಡೀ ಮುದುಡಿ ಕುಳಿತ ಮೈಗೆ ಹಸಿರಿನ ನಡುವೆ ಮೂರು ಗಂಟೆ ನಡೆದಾಡುವುದಕ್ಕಿಂತ ಒಳ್ಳೆಯ ಉಪಚಾರ ನನಗೆ ಗೊತ್ತಿಲ್ಲ. ಹಾಗಾಗಿ ಸಿಂಗಪುರದ ಮಟ್ಟಿಗೆ ನನ್ನ ತೀರ್ಮಾನ ಸ್ಪಷ್ಟವಾಗಿದೆ: ಬಿಡುವು ಏಳು ಗಂಟೆಯೊಳಗಿದ್ದರೆ, ಅಥವಾ ಊರಿಗೆ ಅದು ಮೊದಲ ಭೇಟಿಯಾಗಿದ್ದರೆ ಬಸ್ಸು, ಎಂಟು ದಾಟಿದರೆ ಮೆಟ್ರೊ ಮತ್ತು ಒಂದೇ ಒಂದು ಜಾಗ. ಮರಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಚಾಂಗಿಯ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲಿ. ಇಮಿಗ್ರೇಶನ್ ಬೇಗ ಮುಗಿಯಿತೆಂದು ಅಂಗಡಿಗಳ ನಡುವೆ ನಿಧಾನಿಸಿದರೆ ಕೊನೆಯ ಸಾಲು ಅಲ್ಲಿ ಕಾದಿರುತ್ತದೆ. 2019ರಲ್ಲಿ ತೆರೆದ ಜ್ಯುವೆಲ್ ಕಟ್ಟಡವೂ, ಅದರೊಳಗಿನ 40 ಮೀಟರ್ ಎತ್ತರದ ಜಲಪಾತವೂ ಇಮಿಗ್ರೇಶನ್‌ನ ಹೊರಗೇ ಇವೆ. ಮರಳುವ ದಾರಿಯಲ್ಲಿ ನೋಡಿದೆ, ಅದಕ್ಕೆ ಅರ್ಧ ಗಂಟೆ ಸಾಕು.

ಇಸ್ತಾಂಬುಲ್‌ನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಹಳೆಯ ನಿಲ್ದಾಣದಿಂದ ವಿಮಾನಗಳು ಸ್ಥಳಾಂತರಗೊಂಡ ಹೊಸ ನಿಲ್ದಾಣವು ಕಪ್ಪು ಸಮುದ್ರದ ಕಡೆಗಿದೆ. ನೋಡಬೇಕಾದ ಹಳೆಯ ಊರಾದ ಸುಲ್ತಾನಹ್ಮೆತ್ ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರ. ಮೆಟ್ರೊ ಇದೆ. 2023ರಲ್ಲಿ ಮೊದಲ ಭಾಗ ತೆರೆದ ಆ ಮಾರ್ಗ ಮರುವರ್ಷ ಗಾಯ್ರೆತ್ತೆಪೆಯವರೆಗೆ ಬಂದಿತು. ಆದರೆ ಅಲ್ಲಿ ಇಳಿದು ಇನ್ನೊಂದು ಮೆಟ್ರೊ, ಅದರಿಂದ ಇಳಿದು ಟ್ರ್ಯಾಮ್ ಹಿಡಿಯಬೇಕು. ಮೂರು ಗಾಡಿಗಳ ಈ ದಾರಿಯಲ್ಲಿ ಒಂದು ಕಡೆಗೆ ಒಂದೂವರೆ ಗಂಟೆಯನ್ನಾದರೂ ಎತ್ತಿಡಬೇಕು. ರಸ್ತೆಯ ದಟ್ಟಣೆಯಂತೂ ಹೆಸರಾದದ್ದು. ಇಂಥ ಕಡೆ ಟರ್ಕಿಶ್ ಏರ್‌ಲೈನ್ಸ್‌ನ ಟೂರಿಸ್ತಾಂಬುಲ್ ಪ್ರವಾಸವೇ ಮೇಲೆಂದು ನನಗೆ ಅನುಭವದಿಂದ ಮನವರಿಕೆಯಾಯಿತು. ಅದೇ ಸಂಸ್ಥೆಯ ಟಿಕೆಟ್ಟಿನಲ್ಲಿ ಒಂದು ದೇಶದಿಂದ ಬಂದು ಇನ್ನೊಂದು ದೇಶಕ್ಕೆ ಹೋಗುತ್ತಿರುವ, ಆರರಿಂದ 24 ಗಂಟೆಗಳ ಬಿಡುವಿರುವ ಪ್ರಯಾಣಿಕರಿಗೆ ಅದು ಉಚಿತ. ಬಸ್ಸು, ಮಾರ್ಗದರ್ಶಿ, ಊಟ ಎಲ್ಲವೂ ಅವರದೇ. ನನಗೆ ಹನ್ನೊಂದು ಗಂಟೆಗಳಿದ್ದವು, ನಾನು ಸೇರಿದ ತಂಡದ ಪ್ರವಾಸ ಸುಮಾರು ಆರು ಗಂಟೆಯದಾಗಿತ್ತು.

ಅಲ್ಲಿ ಬಸ್ ಪ್ರವಾಸವು ಸಿಂಗಪುರದಲ್ಲಿ ಕೊಡದಿದ್ದುದನ್ನು ಕೊಟ್ಟಿತು. ಅದಕ್ಕೆ ಕಾರಣ ಆ ಊರಿನ ರಚನೆ. ಸುಲ್ತಾನಹ್ಮೆತ್‌ನ ಚೌಕದಲ್ಲಿ ಬಸ್ಸಿಳಿದರೆ ಉಳಿದದ್ದೆಲ್ಲವೂ ಕಾಲ್ನಡಿಗೆಯ ದೂರದಲ್ಲಿದೆ. ರಥಗಳ ಓಟ ನಡೆಯುತ್ತಿದ್ದ ಹಿಪೊಡ್ರೋಮ್ ಬಯಲಿನಲ್ಲಿ ಈಜಿಪ್ಟ್‌ನಿಂದ ತಂದು ಕ್ರಿ.ಶ. 390ರಲ್ಲಿ ನಿಲ್ಲಿಸಿದ ಕಲ್ಲಿನ ಸ್ತಂಭವಿದೆ. ಅದರ ಮೇಲಿನ ಚಿತ್ರಲಿಪಿ ನಿನ್ನೆ ಕೊರೆದಷ್ಟು ಚೂಪಾಗಿದೆ. ಒಂದು ಬದಿಗೆ ಆರು ಮಿನಾರುಗಳ ನೀಲಿ ಮಸೀದಿ, ಇನ್ನೊಂದು ಬದಿಗೆ 537ರಲ್ಲಿ ಕಟ್ಟಿ ಮುಗಿಸಿದ ಹಗಿಯಾ ಸೋಫಿಯಾ, ಅದರ ಎದುರಿಗೇ ನೆಲದಡಿಯಲ್ಲಿ 336 ಕಂಬಗಳ ಹಳೆಯ ನೀರಿನ ತೊಟ್ಟಿ. ಸಾಲಿನಲ್ಲಿ ನಿಲ್ಲದೆ, ದಾರಿ ಹುಡುಕದೆ, ಮೂರು ಗಂಟೆಗೂ ಹೆಚ್ಚು ಹೊತ್ತು ಕಾಲ ಮೇಲಿದ್ದೆ. ಮರಳುವ ಬಸ್ಸು ದಟ್ಟಣೆಯಲ್ಲಿ ನಿಂತಾಗಲೂ ಎದೆ ಡವಗುಟ್ಟಲಿಲ್ಲ, ಏಕೆಂದರೆ ತಂಡದವರ ವಿಮಾನಗಳ ವೇಳೆಯನ್ನು ನೋಡಿಯೇ ಅವರು ಸೇರಿಸಿಕೊಂಡಿರುತ್ತಾರೆ. ಶುಕ್ರವಾರ ಮಧ್ಯಾಹ್ನ ಹೋಗುವವರು ಮಾತ್ರ ಪ್ರಾರ್ಥನೆಯ ಹೊತ್ತಿನಲ್ಲಿ ಮಸೀದಿಗಳೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು.

ದೋಹಾದ ಅನುಭವ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಫೆಬ್ರವರಿಯ ಒಂದು ಬೆಳಗ್ಗೆ ಏಳಕ್ಕೆ ಇಳಿದೆ, ಮುಂದಿನ ವಿಮಾನ ಸಂಜೆ ನಾಲ್ಕಕ್ಕಿತ್ತು. ಅಲ್ಲಿನ ಹಮದ್ ವಿಮಾನ ನಿಲ್ದಾಣದೊಳಗಿಂದಲೇ ಹೊರಡುವ, ಚಾಲಕನಿಲ್ಲದೆ ಓಡುವ ಮೆಟ್ರೊದ ಕೆಂಪು ಮಾರ್ಗದಲ್ಲಿ ಮುಶೈರಿಬ್‌ವರೆಗೆ ಹೋಗಿ, ಅಲ್ಲಿ ಚಿನ್ನದ ಬಣ್ಣದ ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲುಗಡೆಯೇ ಸೂಕ್ ವಾಕಿಫ್ ಎಂಬ ಹಳೆಯ ಮಾದರಿಯ ಪೇಟೆ. ಎಂಟೂವರೆಗೆ ಅಲ್ಲಿದ್ದೆ. ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿದ್ದವು. ಪಕ್ಕದ ಡೇಗೆ ಹಕ್ಕಿಗಳ ಪೇಟೆಯಲ್ಲಿ ಕಣ್ಣಿಗೆ ಚರ್ಮದ ಟೊಪ್ಪಿಗೆ ತೊಡಿಸಿದ ಹಕ್ಕಿಗಳು ಸಾಲಾಗಿ ಕುಳಿತಿದ್ದವು. ಅಲ್ಲಿಂದ ಕಡಲ ದಂಡೆಯ ಹಾದಿಯಲ್ಲಿ ಕಾಲು ಗಂಟೆ ನಡೆದರೆ, ಅದಕ್ಕೆಂದೇ ನಿರ್ಮಿಸಿದ ಪುಟ್ಟ ದ್ವೀಪದ ಮೇಲೆ ಇಸ್ಲಾಮಿಕ್ ಕಲೆಯ ಸಂಗ್ರಹಾಲಯ ನಿಂತಿದೆ. ವಾಸ್ತುಶಿಲ್ಪಿ ಐ. ಎಂ. ಪೇ ತಮ್ಮ ಇಳಿವಯಸ್ಸಿನಲ್ಲಿ, ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದ ಕಾರಂಜಿ ಮಂಟಪದಿಂದ ಸ್ಫೂರ್ತಿ ಪಡೆದು ರೂಪಿಸಿದ ಈ ಕಟ್ಟಡ 2008ರಲ್ಲಿ ತೆರೆಯಿತು. ಹೊರಗಿನಿಂದ ಒಂದರ ಮೇಲೊಂದು ಇಟ್ಟ ಬಿಳಿಯ ಕಲ್ಲಿನ ಪೆಟ್ಟಿಗೆಗಳಂತೆ ಕಾಣುವ ಅದರೊಳಗೆ ಹೋದಾಗ ಎತ್ತರದ ಗಾಜಿನ ಗೋಡೆಯಾಚೆ ಕೊಲ್ಲಿಯೂ ಅದರ ಆಚೆ ದಡದ ಗೋಪುರಗಳೂ ಒಟ್ಟಿಗೆ ಎದುರಾಗುತ್ತವೆ. ನಕ್ಷತ್ರಗಳ ಎತ್ತರ ಅಳೆಯುವ ಹಿತ್ತಾಳೆಯ ಯಂತ್ರಗಳ ಮುಂದೆಯೇ ಮುಕ್ಕಾಲು ಗಂಟೆ ನಿಂತಿದ್ದೆ. ಯಾರೂ ಹೊರಡಿರೆಂದು ಅವಸರಿಸಲಿಲ್ಲ. ನನ್ನ ಮಟ್ಟಿಗೆ ಸ್ವಂತ ಸುತ್ತಾಟದ ಸಾರವೇ ಇದು: ಇಷ್ಟವಾದದ್ದರ ಮುಂದೆ ನಿಲ್ಲುವ ಸ್ವಾತಂತ್ರ್ಯ. ಮಧ್ಯಾಹ್ನ ಹನ್ನೆರಡೂಮುಕ್ಕಾಲಕ್ಕೆ ಗಾಡಿ ಹತ್ತಿದೆ, ಒಂದೂವರೆಯೊಳಗೆ ನಿಲ್ದಾಣದಲ್ಲಿದ್ದೆ. ನಾಲ್ಕೂಕಾಲು ಗಂಟೆ ಊರಿನಲ್ಲಿದ್ದೆ. ಆರು ಅನುಭವಗಳಲ್ಲಿ ಇದೇ ಅತಿ ಹೆಚ್ಚು. ಇದೇ ಬಿಡುವು ಜುಲೈಯಲ್ಲಿ ಬಂದಿದ್ದರೆ, ಬಿಸಿಲು 40 ಡಿಗ್ರಿ ದಾಟುವ ಆ ದಿನಗಳಲ್ಲಿ ಕಡಲ ದಂಡೆಯ ನಡಿಗೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಆಗ ಪೇಟೆಯಿಂದ ಮೆಟ್ರೊದಲ್ಲಿ ಒಂದೇ ನಿಲುಗಡೆಯ ಆಚೆ ಇರುವ ರಾಷ್ಟ್ರೀಯ ಸಂಗ್ರಹಾಲಯ ಸೂಕ್ತ. ಮರಳುಗಾಡಿನ ಹರಳುಗಳು ಹೂವಿನಂತೆ ಕೂಡಿ ಬೆಳೆದ ಆಕಾರದಲ್ಲಿ ಜಾನ್ ನೂವೆಲ್ ವಿನ್ಯಾಸಗೊಳಿಸಿದ ಆ ಕಟ್ಟಡದೊಳಗೆ ನಡೆಯುವ ಹಾದಿಯೇ ಒಂದೂವರೆ ಕಿಲೋಮೀಟರ್ ಉದ್ದವಿದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಪೇಟೆಯ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಆ ಹೊತ್ತಿಗೂ ಅದೇ ಸರಿ.

ಆಮ್‌ಸ್ಟರ್‌ಡ್ಯಾಮ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವೂ ಸುಲಭ. ಸ್ಕಿಪೋಲ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣವಿದೆ, ಊರಿನ ಮುಖ್ಯ ನಿಲ್ದಾಣಕ್ಕೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಆರೂವರೆ ಗಂಟೆಗಳಲ್ಲಿಯೂ ಕಾಲುವೆಗಳ ದಡದಲ್ಲಿ ಎರಡು ಗಂಟೆ ನಡೆದು ಬಂದೆ. ಇಷ್ಟು ಕಡಿಮೆ ಬಿಡುವಿನಲ್ಲಿ ಬೇರೆ ಯಾವ ಊರಿನಲ್ಲೂ ನಾನು ಧೈರ್ಯ ಮಾಡುತ್ತಿರಲಿಲ್ಲ. ತೊಡಕು ಇರುವುದು ಕಾಗದಪತ್ರದಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕಾದವರು ಅದಿಲ್ಲದೆ ಹೊರಬರುವಂತಿಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಯಾದ ಹೊಸ ವ್ಯವಸ್ಥೆಯಲ್ಲಿ, ಹೊರಗಿನ ದೇಶದವರ ಬೆರಳಚ್ಚು ಮತ್ತು ಮುಖಚಿತ್ರವನ್ನು ದಾಖಲಿಸುವುದರಿಂದ ಮೊದಲ ಬಾರಿ ಬರುವವರು ಇಮಿಗ್ರೇಶನ್‌ಗೆ ಹೆಚ್ಚು ಹೊತ್ತನ್ನು ಎತ್ತಿಡಬೇಕು. ಆ್ಯನ್ ಫ್ರ್ಯಾಂಕ್ ಮನೆಯಂಥ ಕಡೆಗಳಿಗೆ ನಿಗದಿತ ವೇಳೆಯ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆದಿರಬೇಕು. ವಿಮಾನ ತಡವಾದರೆ ಅದು ಕೈತಪ್ಪುತ್ತದೆ. ಆದ್ದರಿಂದ ಬಿಡುವಿನಲ್ಲಿ ಹೋಗುವವರು ಬಯಲಲ್ಲಿ ನೋಡುವಂಥದ್ದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಟ್ಯಾಕ್ಸಿಯನ್ನು ನಾನು ಕೊನೆಯಲ್ಲಿಡುತ್ತೇನೆ. ಎಂಟು ಗಂಟೆಗಳ ಬಿಡುವಿನಲ್ಲಿ ಒಬ್ಬ ಚಾಲಕನನ್ನು ಗೊತ್ತುಮಾಡಿಕೊಂಡು ನಾಲ್ಕು ಸ್ಥಳಗಳ ಪಟ್ಟಿ ಕೊಟ್ಟಿದ್ದೆ. ಎರಡನ್ನು ನೋಡುವಷ್ಟರಲ್ಲಿ ಮಳೆ ಬಂದು ಹೆದ್ದಾರಿಯಲ್ಲಿ ವಾಹನಗಳು ನಿಂತವು. ಮುಂದೆ ಎಷ್ಟು ಹೊತ್ತಾಗುತ್ತದೆಂದು ಆತನೂ ಹೇಳಲಾರದೆ ಹೋದ. ಗೇಟ್ ಮುಚ್ಚುವುದಕ್ಕೆ ಹನ್ನೆರಡು ನಿಮಿಷ ಇರುವಾಗ ಓಡಿ ತಲುಪಿದೆ. ಅಂದು ನೋಡಿದ ಎರಡು ಸ್ಥಳಗಳಲ್ಲಿ ಒಂದೂ ಇಂದು ಕಣ್ಣಿಗೆ ಕಟ್ಟುವುದಿಲ್ಲ, ಆ ಹೆದ್ದಾರಿಯ ಕೆಂಪು ದೀಪಗಳು ಮಾತ್ರ ಕಟ್ಟುತ್ತವೆ. ಚಿಕ್ಕ ಮಕ್ಕಳೋ ನಡೆಯಲಾರದ ಹಿರಿಯರೋ ಜೊತೆಗಿದ್ದರೆ ಟ್ಯಾಕ್ಸಿ ಅನಿವಾರ್ಯವಾಗಬಹುದು. ಹಾಗಿದ್ದಾಗ ಹೋಗುವಾಗ ಟ್ಯಾಕ್ಸಿ ಬಳಸಿ, ಬರುವಾಗ ರೈಲು ಹಿಡಿಯುವುದು ಸಾಧ್ಯವೇ ಎಂದು ಮೊದಲು ನೋಡಬೇಕು.

ಯಾವ ದಾರಿ ಆರಿಸಿಕೊಂಡರೂ ಹೊರಡುವ ಮೊದಲು ಚೀಲದ ಪ್ರಶ್ನೆ ಬಗೆಹರಿಸಿಕೊಳ್ಳಬೇಕು. ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದರೆ ಚೆಕ್-ಇನ್ ಮಾಡಿದ ಪೆಟ್ಟಿಗೆ ಸಾಮಾನ್ಯವಾಗಿ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ಬೇರೆ ಬೇರೆ ಟಿಕೆಟ್ಟುಗಳಾದರೆ ಅದನ್ನು ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ವಿಮಾನ ತಪ್ಪಿದರೆ ಯಾರೂ ಹೊಣೆಯಾಗುವುದಿಲ್ಲ. ಅಂಥ ಸಂದರ್ಭದಲ್ಲಿ ನಾನು ಎರಡೂವರೆ ಗಂಟೆಯ ಬದಲು ಮೂರೂವರೆ ಗಂಟೆ ಮೊದಲು ಮರಳುತ್ತೇನೆ. ಅಮೆರಿಕದಲ್ಲಿ ಇಳಿಯುವವರಿಗೆ ನಿಯಮವೇ ಬೇರೆ: ಒಂದೇ ಟಿಕೆಟ್ಟಾದರೂ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಶನ್ ಮುಗಿಸಿ ಪೆಟ್ಟಿಗೆ ಪಡೆದು ಮತ್ತೆ ಕೊಡಬೇಕು.

ಹೊರಗೆ ಹೋಗದೆ ಒಳಗೇ ಉಳಿಯುವುದನ್ನು ನಾನು ಸೋಲೆಂದು ಎಣಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಇಳಿದು ಬೆಳಗ್ಗೆ ಆರಕ್ಕೆ ಹೊರಡುವುದಾದರೆ ಸಂಗ್ರಹಾಲಯಗಳೂ ಮೆಟ್ರೊವೂ ಮುಚ್ಚಿರುತ್ತವೆ. ಚಾಂಗಿಯ ಮೂರನೆಯ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟವಿದೆ, ಹಮದ್‌ನಲ್ಲಿ ಗಾಜಿನ ಮಾಡಿನಡಿ ನಿಜವಾದ ಮರಗಳ ಉದ್ಯಾನವಿದೆ. ಅಂಥ ರಾತ್ರಿ ಅವುಗಳ ನಡುವೆ ಒಂದು ಸುತ್ತು ಹಾಕಿ, ಅಲಾರಂ ಇಟ್ಟುಕೊಂಡು ಮಲಗುತ್ತೇನೆ.