ಹುವಾ ಶಿಯೊಂಗ್ ಬೊಂಬೆ ಜೋಡಿ: ತರಿಸಬಹುದು, ಚೀಟಿಯನ್ನು ನಂಬಬಾರದು

ತುಮಕೂರಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಪದ್ಧತಿ ಅಜ್ಜಿಯ ಕಾಲದಿಂದಲೂ ನಡೆದುಬಂದಿದೆ. ಪಟ್ಟದ ಬೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಕುಳಿತ ಮೇಲೆ ಕೆಳಗಿನ ಮೆಟ್ಟಿಲಲ್ಲಿ ಪ್ರತಿವರ್ಷ ಒಂದು ಹೊಸ ಪ್ರಸಂಗವನ್ನು ಜೋಡಿಸುತ್ತೇವೆ. ಈ ಬಾರಿ ಅದಕ್ಕೆಂದು ಆನ್‌ಲೈನ್‌ನಲ್ಲಿ ತರಿಸಿದ್ದು ಇಬ್ಬರು ಚೀನೀ ಯೋಧರನ್ನು: ಹುವಾ ಶಿಯೊಂಗ್ ಮತ್ತು ಗುವಾನ್ ಯು. ಜೊತೆಗೆ ಒಂದು ಕುದುರೆ, ಕಡಲೆಕಾಳಿನ ಗಾತ್ರದ ಒಂದು ಮದ್ಯದ ಬಟ್ಟಲು. ಬೊಂಬೆಗಳ ಎತ್ತರ ಒಂದು ಗೇಣು, ಬೆಲೆ 1,850 ರೂಪಾಯಿ.

ಪ್ರಸಂಗವು 14ನೆಯ ಶತಮಾನದ ಲುವೊ ಗುವಾನ್‌ಝೊಂಗನ ಹೆಸರಿನಲ್ಲಿರುವ ಚೀನೀ ಕಾದಂಬರಿ ‘ಮೂರು ರಾಜ್ಯಗಳ ಕಥನ’ದ 5ನೆಯ ಅಧ್ಯಾಯದ್ದು. ದೊರೆಯನ್ನು ಕೈಗೊಂಬೆ ಮಾಡಿಕೊಂಡ ದೊಂಗ್ ಝುವೊನ ಮೇಲೆ ಪ್ರಾಂತಗಳ ಅಧಿಪತಿಗಳು ಒಟ್ಟಾಗಿ ದಂಡೆತ್ತಿ ಬಂದಾಗ, ಅವನ ಕಡೆಯ ಹುವಾ ಶಿಯೊಂಗ್ 50,000 ಸೈನಿಕರೊಂದಿಗೆ ಸಿಶುಯಿ ಕಣಿವೆಯ ಬಾಗಿಲು ಕಾಯಲು ಹೊರಟು, ಎದುರಿಗೆ ಬಂದವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಕೊನೆಗೆ ಅಧಿಪತಿಗಳ ಡೇರೆಯಲ್ಲಿ ಗುವಾನ್ ಯು ಏಳುತ್ತಾನೆ. ಆ ಕೂಟದ ನಾಯಕರಲ್ಲೊಬ್ಬನಾದ ತ್ಸಾವೊ ತ್ಸಾವೊ ಬಿಸಿ ಮದ್ಯವನ್ನು ಕೊಡಲು ಬಂದರೆ, ಬಟ್ಟಲು ಅಲ್ಲೇ ಇರಲಿ, ಈಗಲೇ ಬರುತ್ತೇನೆ ಎಂದು ಹೊರಗೆ ಹೋಗುತ್ತಾನೆ. ಕಾದಾಟವನ್ನು ಕಥೆಗಾರ ವರ್ಣಿಸುವುದೇ ಇಲ್ಲ. ಡೇರೆಯೊಳಗೆ ಕುಳಿತವರಿಗೆ ಭೇರಿಯ ಸದ್ದು, ಕೂಗಾಟ ಮಾತ್ರ ಕೇಳುತ್ತದೆ. ಗುವಾನ್ ಯು ಹಿಂತಿರುಗಿ ಹುವಾ ಶಿಯೊಂಗನ ತಲೆಯನ್ನು ನೆಲಕ್ಕೆಸೆದಾಗ ಮದ್ಯ ಇನ್ನೂ ಬೆಚ್ಚಗಿರುತ್ತದೆ.

ಹುವಾ ಶಿಯೊಂಗನ ಬೊಂಬೆಯ ಕೆಲಸ ನಿಜಕ್ಕೂ ಚೆನ್ನಾಗಿದೆ. ಕಾದಂಬರಿಯು ಅವನಿಗೆ ಚಿರತೆಯ ತಲೆ, ಕಪಿಯ ತೋಳುಗಳನ್ನು ಕೊಟ್ಟಿದೆ. ಅದನ್ನು ಓದಿಕೊಂಡವರೇ ಮಾಡಿರಬೇಕು, ಕೈಗಳು ಮಂಡಿಯವರೆಗೆ ಇಳಿದಿವೆ. ಕವಚದ ಒಂದೊಂದು ಬಿಲ್ಲೆಯ ಅಂಚಿಗೂ ಕೂದಲೆಳೆಯಷ್ಟು ತಾಮ್ರದ ಬಣ್ಣ ಎಳೆದಿದ್ದಾರೆ. ಸಾಯಲೆಂದೇ ಕಥೆಗೆ ಬಂದವನ ಮುಖದಲ್ಲಿ ಹೆದರಿಕೆಯನ್ನು ಬರೆಯದೆ ಹುಬ್ಬುಗಂಟನ್ನಷ್ಟೇ ಬರೆದಿರುವುದು ನನಗೆ ಬಹಳ ಹಿಡಿಸಿತು. ಗುವಾನ್ ಯುವಿನ ಕತ್ತಿಯ ಹಿಡಿ ಬರುವಾಗಲೇ ಮುರಿದಿತ್ತು. ಮಾರಾಟಗಾರರಿಗೆ ಎರಡು ಬಾರಿ ಬರೆದರೂ ಉತ್ತರ ಬಾರದ ಕಾರಣ ಫೆವಿಕ್ವಿಕ್ ಹಾಕಿ ನಾನೇ ಅಂಟಿಸಿದೆ.

ಆದರೆ ನನ್ನ ನಿಜವಾದ ತಕರಾರು ಪೀಠ ಮತ್ತು ಕುದುರೆಯ ಬಗ್ಗೆ. ಗುವಾನ್ ಯುವನ್ನು ಎರಡು ಬೆರಳು ಎತ್ತರದ ಪೀಠದಲ್ಲಿ ನಿಲ್ಲಿಸಿ, ಹುವಾ ಶಿಯೊಂಗನನ್ನು ಅವನ ಕಾಲಬಳಿಗೆ ಇಳಿಸಿದ್ದಾರೆ. ಆ ಹೊತ್ತಿನಲ್ಲಿ ಇಬ್ಬರಲ್ಲಿ ಚಿಕ್ಕ ಹುದ್ದೆಯವನು ಯಾರು? ಕಾದಂಬರಿಯ ಪ್ರಕಾರವೇ ಗುವಾನ್ ಯು ಆಗ ಕೇವಲ ಒಬ್ಬ ಕುದುರೆ ಬಿಲ್ಲಾಳು. ಒಬ್ಬ ಬಿಲ್ಲಾಳು ಹೀಗೆ ಬಾಯಿ ಹಾಕುವುದೇ ಎಂದು ಅದೇ ಕೂಟದ ಯುವಾನ್ ಶು ಸಿಡುಕುವುದು, ಅವನನ್ನು ಹೊರಗೆ ಹಾಕಲು ಹೇಳುವುದು ಈ ಪ್ರಸಂಗದ ಜೀವಾಳ. ಪೀಠಗಳನ್ನು ಹೀಗೆ ತಿರುವುಮುರುವಾಗಿ ಕೊಟ್ಟರೆ ಅದೇ ಹೋಗಿಬಿಡುತ್ತದೆ. ಇನ್ನು ಗುವಾನ್ ಯುವಿನ ಪಕ್ಕದಲ್ಲಿ ಕೊಟ್ಟಿರುವ ಕೆಂಪು ಕುದುರೆ ಆಗ ಅವನದಲ್ಲ, ಶತ್ರು ಪಾಳೆಯದ ಲೂ ಬುವಿನದು. ಅದು ಗುವಾನ್ ಯುವಿನ ಕೈಸೇರುವುದು ಎಷ್ಟೋ ಅಧ್ಯಾಯಗಳ ನಂತರ.

ಪೆಟ್ಟಿಗೆಯೊಳಗಿನ ಚೀಟಿಯಂತೂ ಇದೆಲ್ಲವೂ ಕ್ರಿ.ಶ. 191ರಲ್ಲಿ ನಡೆದ ಇತಿಹಾಸ ಎಂದೇ ಹೇಳುತ್ತದೆ. ವರ್ಷ ಸರಿ, ಕೊಂದವನ ಹೆಸರು ತಪ್ಪು. 3ನೆಯ ಶತಮಾನದ ಚೆನ್ ಶೌ ಬರೆದ ಚರಿತ್ರೆಯಲ್ಲಿ, ದೊಂಗ್ ಝುವೊನ ವಿರೋಧಿ ಕೂಟದ ಸುನ್ ಜಿಯಾನ್ ಎಂಬ ದಂಡನಾಯಕನ ಜೀವನಕಥೆಯ ನಡುವೆ, ಯಾಂಗ್‌ರೆನ್ ಎಂಬಲ್ಲಿ ಅವನು ದೊಂಗ್ ಝುವೊನ ಸೈನ್ಯವನ್ನು ಸೋಲಿಸಿ ಹುವಾ ಶಿಯೊಂಗ್ ಮೊದಲಾದವರ ತಲೆ ತೆಗೆಸಿದನೆಂಬ ಮಾತು ಬರುತ್ತದೆ. ಹುವಾ ಶಿಯೊಂಗನ ಬಗ್ಗೆ ಆ ಚರಿತ್ರೆ ಹೇಳುವುದು ಅಷ್ಟೇ. ನಮ್ಮ ಸೀಮೆಯಲ್ಲಿ ಕೆರೆ ಏರಿಯ ಬದಿಯ ವೀರಗಲ್ಲುಗಳಲ್ಲೂ ಎಷ್ಟೋ ಯೋಧರು ಹೀಗೆ ಒಂದೇ ಸಾಲಿನಲ್ಲಿ ಉಳಿದಿದ್ದಾರೆ. ವ್ಯತ್ಯಾಸವೆಂದರೆ ಇವನ ಸಾಲು ಕೊಂದವನ ಚರಿತ್ರೆಯಲ್ಲಿದೆ. ಆ ಯುದ್ಧದಲ್ಲಿ ದೊಂಗ್ ಝುವೊನ ಪಡೆಯ ಮುಖ್ಯಸ್ಥ ಹು ಝೆನ್. ಕಾದಂಬರಿಯು ಅವನನ್ನೇ ಹುವಾ ಶಿಯೊಂಗನ ಕೈಕೆಳಗಿನವನನ್ನಾಗಿ ಮಾಡಿ ಬೇಗನೆ ಸಾಯಿಸುತ್ತದೆ. ಕಾದಂಬರಿಕಾರನಿಗೆ ಅಷ್ಟು ಸ್ವಾತಂತ್ರ್ಯ ಇರಲೇಬೇಕು, ಎದುರಾಳಿ ದೊಡ್ಡವನಾಗದೆ ಬಟ್ಟಲಿನ ಕಥೆಗೆ ಕಳೆ ಬರುವುದಿಲ್ಲ. ಬೊಂಬೆ ಮಾರುವವರು ಮಾತ್ರ ಅದನ್ನು ಚರಿತ್ರೆಯೆಂದು ಅಚ್ಚು ಹಾಕಬಾರದಿತ್ತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ತರಿಸುವವರು ಚೀಟಿಯನ್ನು ತೆಗೆದಿಟ್ಟು ಕನ್ನಡದಲ್ಲಿ ತಾವೇ ಒಂದು ಬರೆದುಕೊಳ್ಳಲಿ, ಪೀಠಗಳನ್ನು ಅದಲುಬದಲು ಮಾಡಲಿ, ಅವು ತಿರುಪಿನವು, ಸುಲಭವಾಗಿ ಬಿಚ್ಚುತ್ತವೆ. ಬಟ್ಟಲನ್ನು ಮರೆಯದೆ ಅಂಟಿಸಿ ಕೂರಿಸಲಿ. ನಮ್ಮದು ಮೂರನೆಯ ದಿನವೇ ಕಾಣೆಯಾಗಿ, ಬೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುತ್ತಿದ್ದ ಚರ್ಪಿನ ತಟ್ಟೆಯಲ್ಲಿ, ಕಡಲೆಕಾಳಿನ ಉಸಲಿಯ ನಡುವೆ ಸಿಕ್ಕಿತು.